ಯೆಜ್ಡಿ ರಿಪೇರಿಯಾಯಿತು, ಜೊತೆಗೆ ನನ್ನ ಡಿಪ್ಲೊಮಾನೂ

ಕಳೆದ ವರ್ಷ ಯುಗಾದಿ ಮುಗಿದ ವಾರ ನಮ್ಮ ಮನೆಗೆ ಹಳೆ ಬೈಕ್ ಕೊಳ್ಳುವ ಬ್ರೋಕರ್ ಒಬ್ಬರು ಬಂದರು. ಕಡೂರು ಕಡೆಯ ನಮ್ಮ ಹಳ್ಳಿಯಲ್ಲಿ ಕೊಬ್ಬರಿಗೆ ತೆಂಗಿನಕಾಯಿ ತುಂಬುವ ಅಟ್ಟದ ಕೆಳಗೆ, ಹರಿದ ಗೋಣಿಚೀಲ ಮತ್ತು ಕಾಯಿಸಿಪ್ಪೆಯ ನಡುವೆ ತಾತನ ಯೆಜ್ಡಿ ನಿಂತಿತ್ತು. 1978ರಲ್ಲಿ ಕೊಂಡದ್ದು. ನಿಂತು ಹದಿನಾಲ್ಕು ವರ್ಷವಾಗಿತ್ತು. ಬ್ರೋಕರ್ ಟ್ಯಾಂಕ್ ಮುಚ್ಚಳ ತೆಗೆದು ಮೂಸಿ, ಕಿಕ್ಕರ್ ಒತ್ತಿ ನೋಡಿ, "ಇದ್ರಲ್ಲೇನೈತೆ ಯಜಮಾನ್ರೇ, ಬರೀ ಕಬ್ಬಿಣದ ತೂಕ. ಆರು ಸಾವಿರ ಕೊಡ್ತೀನಿ, ಈಗ್ಲೇ ಎತ್ಕೊಂಡ್ ಹೋಗ್ತೀನಿ" ಅಂದರು.

ಅಪ್ಪನಿಗೆ ಆ ಆರು ಸಾವಿರ ಬೇಕಿತ್ತು. ಬೋರ್‌ವೆಲ್ ಮೋಟಾರು ಸುಟ್ಟು ರಿವೈಂಡಿಂಗ್‌ಗೆ ಹೋಗಿತ್ತು, ತೋಟ ಒಣಗುತ್ತಿತ್ತು. ಆದರೂ ಅಪ್ಪ ನನ್ನ ಮುಖ ನೋಡಿದರು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡಿ, ಗುತ್ತಿಗೆ ಮುಗಿದ ಮೇಲೆ ಊರಿಗೆ ಬಂದು ಸರ್ಕಾರಿ ಕೆಲಸದ ಅರ್ಜಿ ತುಂಬುತ್ತಾ ಕೂತಿದ್ದೆ. "ಒಂದ್ ತಿಂಗ್ಳು ಟೈಮ್ ಕೊಡಿ ಅಪ್ಪಾ, ನಾನೇ ರೆಡಿ ಮಾಡ್ತೀನಿ" ಅಂದುಬಿಟ್ಟೆ.

ತಾತನ ಮೇಲಿನ ಪ್ರೀತಿಯಿಂದ ಅಂದೆ ಅಂತ ಬರೆದರೆ ಸುಳ್ಳಾಗುತ್ತದೆ. ಹಿಂದಿನ ರಾತ್ರಿಯಷ್ಟೇ ಅದೇ ಥರದ ಬೈಕು, ಬಣ್ಣ ಬಳಿದು ಹೊಳೆಯುವಂತೆ ಮಾಡಿದ್ದು, 1 ಲಕ್ಷ 20 ಸಾವಿರಕ್ಕೆ ಮಾರಾಟಕ್ಕಿರುವುದನ್ನು ಮೊಬೈಲ್‌ನಲ್ಲಿ ನೋಡಿದ್ದೆ. ಶುರುವಾಗಿದ್ದು ಆಸೆಯಿಂದ. ಒಂದು ತಿಂಗಳು ಅಂದದ್ದು ಹನ್ನೊಂದು ತಿಂಗಳಾಯಿತು. ಆ ಹನ್ನೊಂದು ತಿಂಗಳು ನನಗೆ ತೋರಿಸಿಕೊಟ್ಟ ಒಂದು ವಿಷಯವನ್ನು, ನನ್ನ ಹಾಗೆ ಸರ್ಟಿಫಿಕೇಟು ಹಿಡಿದು ಕೂತಿರುವ ಗೆಳೆಯ ಗೆಳತಿಯರ ಮುಂದೆ ಇಡಬೇಕು ಅನ್ನಿಸಿದೆ. ನಮ್ಮ ಊರುಗಳ ಹಳೇ ಗ್ಯಾರೇಜುಗಳಲ್ಲಿ ನಮ್ಮ ಕಾಲೇಜು ಕಲಿಸದ ಒಂದು ವಿದ್ಯೆ ಇದೆ. ಅದು ಕಣ್ಣೆದುರೇ ಮುಗಿದುಹೋಗುತ್ತಿದೆ. ಅದನ್ನು ಕಲಿಯುವುದು ಹವ್ಯಾಸದ ಮಾತಲ್ಲ, ಹೊಟ್ಟೆಪಾಡಿನ ಮಾತು.

ಮೈಸೂರಿನಿಂದ ನಮ್ಮೂರಿಗೆ

ಮೊದಲು ಈ ಬೈಕಿನ ಹುಟ್ಟು. ಜಾವಾ ಅನ್ನುವುದು ದ್ವೀಪದ ಹೆಸರಿನಿಂದ ಬಂದದ್ದು ಅಂತ ನಾನು ಬಹಳ ದಿನ ತಿಳಿದಿದ್ದೆ. ಅಲ್ಲ. 1929ರಲ್ಲಿ ಪ್ರಾಗ್‌ನಲ್ಲಿ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ತೆಗೆದುಕೊಂಡ. ಇಬ್ಬರ ಹೆಸರಿನ ಮೊದಲ ಎರಡೆರಡು ಅಕ್ಷರ ಸೇರಿ ಜಾವಾ ಆಯಿತು. ಅದೇ ಬೈಕನ್ನು 1960ರ ದಶಕದ ಆರಂಭದಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸತೊಡಗಿತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಅಂತಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 250 ಸಿಸಿ, ಎರಡು ಸ್ಟ್ರೋಕ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ಕರೂ ಗೇರ್ ಲಿವರೂ ಒಂದೇ: ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಬಿದ್ದು ಗೇರ್.

ಕಡೂರು ಸೀಮೆಯ ಕೊಬ್ಬರಿ ಮೂಟೆ, ತರೀಕೆರೆಯ ಅಡಿಕೆ ಮೂಟೆ ಎಷ್ಟೋ ಇದರ ಹಿಂದಿನ ಸೀಟಿನ ಮೇಲೆ ಸಂತೆ ಸೇರಿವೆ. ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಯ ಏರು ಹತ್ತುವಾಗ ತಾತ ಹಿಂದೆ ಇಬ್ಬರನ್ನು ಕೂರಿಸಿಕೊಂಡೂ ಎರಡನೇ ಗೇರಲ್ಲೇ ಹತ್ತಿಸುತ್ತಿದ್ದರು ಅಂತ ಅಪ್ಪ ಈಗಲೂ ಹೇಳುತ್ತಾರೆ.

ಆಮೇಲೆ 1980ರ ದಶಕದಲ್ಲಿ ಜಪಾನಿ ಕಂಪನಿಗಳ ಜೊತೆ ಸೇರಿ ತಯಾರಾದ 100 ಸಿಸಿ ಬೈಕುಗಳು ಬಂದವು. ಲೀಟರಿಗೆ ಅವು ಓಡುವ ದೂರದ ಮುಂದೆ ಯೆಜ್ಡಿ ನಿಲ್ಲಲಿಲ್ಲ. ಹೊಗೆಯ ನಿಯಮಗಳು ಬಿಗಿಯಾದವು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಹೊಸ ಕಂಪನಿಯಿಂದ ಮತ್ತೆ ರಸ್ತೆಗೆ ಬಂದವು. ಆದರೆ ಅವು ನಾಲ್ಕು ಸ್ಟ್ರೋಕಿನ ಬೇರೆಯೇ ಬೈಕುಗಳು. ನಮ್ಮ ಅಟ್ಟದ ಕೆಳಗಿನ ಯೆಜ್ಡಿಗೆ ಅವುಗಳ ಎಂಜಿನ್ನಿನ ಒಂದು ಭಾಗವೂ ಹೊಂದುವುದಿಲ್ಲ. ಅಂದರೆ ತಯಾರಿಸಿದ ಕಂಪನಿ ಇಲ್ಲ, ಶೋರೂಂ ಇಲ್ಲ, ಗ್ಯಾರಂಟಿ ಇಲ್ಲ. ಸುಮಾರು ಮೂವತ್ತು ವರ್ಷದಿಂದ ಈ ಬೈಕುಗಳನ್ನು ಓಡಿಸುತ್ತಾ ಬಂದದ್ದು ಊರೂರಿನ ಮೆಕ್ಯಾನಿಕ್ಕುಗಳು, ಲೇತ್ ಕೆಲಸಗಾರರು ಮಾತ್ರ.

ಹತ್ತು ಮಾರ್ಕಿನ ಎಂಜಿನ್

ಎಂಜಿನ್ ಬಿಚ್ಚಲು ಕೂತ ಮೊದಲ ದಿನವೇ ನನ್ನ ಡಿಪ್ಲೊಮಾದ ಬಣ್ಣ ಬಯಲಾಯಿತು. ಕ್ಲಚ್ಚಿನ ನಟ್ ಬಿಚ್ಚಲು ಹೋದೆ. ಸ್ಪ್ಯಾನರಿಗೆ ಪೈಪ್ ಹಾಕಿ ಒತ್ತಿದೆ, ತಂಗಿಯನ್ನು ಕರೆದು ಒತ್ತಿಸಿದೆ, ಸುತ್ತಿಗೆಯಿಂದ ಹೊಡೆದೆ. ನಟ್ಟಿನ ಮೂಲೆ ಸವೆಯಿತೇ ಹೊರತು ಅಲುಗಲಿಲ್ಲ. ಎರಡು ದಿನ ಬಿಟ್ಟು ತರೀಕೆರೆಯ ಹಳೇ ಮೇಸ್ತ್ರಿಯೊಬ್ಬರ ಗ್ಯಾರೇಜಿಗೆ ಎಂಜಿನ್ನನ್ನು ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಹೊತ್ತುಕೊಂಡು ಹೋದೆ. ಎಪ್ಪತ್ತು ದಾಟಿದವರು. ಕನ್ನಡಕ ಹಣೆಗೇರಿಸಿ ನಟ್ ನೋಡಿದರು. "ಯಾವ್ ಕಡೆಗ್ ತಿರುಗ್ಸ್‌ದೆ ಮಗಾ?" ಅಂದರು. ತೋರಿಸಿದೆ. "ಎರಡ್ ದಿನ ಬಿಗೀ ಮಾಡಿದೀಯ. ಇದು ಎಡಗೈ ಥ್ರೆಡ್ಡು ಕಣೋ" ಅಂದು ಉಲ್ಟಾ ಒಂದು ಏಟು ಕೊಟ್ಟರು. ನಟ್ ಬಂತು.

ನಾನು ಪರೀಕ್ಷೆಯಲ್ಲಿ ಟೂ ಸ್ಟ್ರೋಕ್ ಎಂಜಿನ್ನಿನ ಚಿತ್ರ ಬರೆದು ಹತ್ತಕ್ಕೆ ಒಂಬತ್ತು ತೆಗೆದವನು. ಪೆಟ್ರೋಲು ಮತ್ತು ಗಾಳಿ ಮೊದಲು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೇಸಿಗೆ ಬಂದು, ಅಲ್ಲಿ ಒತ್ತಡಕ್ಕೊಳಗಾಗಿ, ಆಮೇಲೆ ಮೇಲಕ್ಕೆ ಹೋಗುತ್ತದೆ ಅಂತ ಬರೆದಿದ್ದೆ. ಹಾಗಾದರೆ ಕ್ರ್ಯಾಂಕಿನ ಎರಡೂ ಪಕ್ಕದ ಆಯಿಲ್ ಸೀಲ್ ಗಟ್ಟಿಯಾಗಿ ಸೀಳಿದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಮೇಸ್ತ್ರಿ ಐದು ನಿಮಿಷದಲ್ಲಿ ಹೇಳಿಕೊಟ್ಟರು. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲನ್ನು ಎಂಜಿನ್ ಒಳಕ್ಕೆ ಎಳೆದುಕೊಂಡು ಬಿಳಿ ಹೊಗೆ ಬಿಡುತ್ತದೆ, ಆಯಿಲ್ ಕಮ್ಮಿಯಾಗುತ್ತಾ ಹೋಗುತ್ತದೆ. ಡೈನಮೋ ಕಡೆಯ ಸೀಲ್ ಹೋದರೆ ಹೊರಗಿನ ಗಾಳಿ ನುಗ್ಗಿ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕಿರುಚುತ್ತದೆ, ಬಿಸಿಯಾಗುತ್ತದೆ. "ಹೊಗೆ ಬಣ್ಣ ನೋಡು, ಶಬ್ದ ಕೇಳು, ಆಮೇಲೆ ಸ್ಪ್ಯಾನರ್ ಹಿಡಿ" ಅನ್ನುವುದು ಅವರ ಪಾಠ.

ಗ್ಯಾಸ್ಕೆಟ್ ಮಾಡುವುದನ್ನೂ ಅಲ್ಲೇ ನೋಡಿದೆ. ಅಂಗಡಿಯಲ್ಲಿ ಸಿಗದ ಗ್ಯಾಸ್ಕೆಟ್ಟಿಗೆ ಗ್ಯಾಸ್ಕೆಟ್ ಪೇಪರನ್ನು ಎಂಜಿನ್ ಕೇಸಿನ ಮೇಲೆ ಹಾಸಿ, ಗುಂಡುತಲೆ ಸುತ್ತಿಗೆಯಿಂದ ಅಂಚಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋದರೆ ಪೇಪರು ಅದೇ ಆಕಾರಕ್ಕೆ ಕತ್ತರಿಸಿಕೊಂಡು ಬರುತ್ತದೆ. ಪಾಯಿಂಟಿನ ಸಂದು 0.4 ಮಿಲಿಮೀಟರ್ ಇಡಬೇಕು ಎಂದು ಪುಸ್ತಕದಲ್ಲಿದೆ. ಫಿಲ್ಲರ್ ಗೇಜಿನ ಎಲೆ ಆ ಸಂದಿನಲ್ಲಿ ಸರಿಯುವಾಗ ಬೆರಳಿಗೆ ಎಷ್ಟು ಹಿಡಿದಂತಾಗಬೇಕು ಎಂಬುದು ಪುಸ್ತಕದಲ್ಲಿಲ್ಲ.

ಬಿಡಿಭಾಗದ ಬೇಟೆ

ಹಳೇ ಬೈಕಿನ ಬಿಡಿಭಾಗ ಸಿಗುವುದು ಮೂರು ದಾರಿಯಲ್ಲಿ. ಯಾರೋ ಹೊಸದಾಗಿ ನಕಲು ಮಾಡಿದ್ದು, ಇನ್ನೊಂದು ಬೈಕಿನಿಂದ ಬಿಚ್ಚಿದ್ದು, ಇಲ್ಲವೇ ನಾವೇ ಮಾಡಿಸಿದ್ದು. ಈ ಮೂರರಲ್ಲೂ ನಾನು ಬಿದ್ದು ಎದ್ದಿದ್ದೇನೆ.

ಮೊದಲನೆಯದರಲ್ಲಿ ಜೋರಾಗಿಯೇ ಬಿದ್ದೆ. ಆನ್‌ಲೈನ್‌ನಲ್ಲಿ ಪಿಸ್ಟನ್ ತರಿಸಿದೆ. ಡಬ್ಬಿಯ ಮೇಲೆ ಓವರ್‌ಸೈಜ್ 0.50 ಎಂದಿತ್ತು. ಆ ಲೆಕ್ಕ ಹೇಳಿ ಸಿಲಿಂಡರ್ ಬೋರ್ ಮಾಡಿಸಿ, ಜೋಡಿಸಿ, ಸ್ಟಾರ್ಟ್ ಮಾಡಿ, ಮೂರನೇ ದಿನ ಬಿ.ಎಚ್. ರಸ್ತೆಯಲ್ಲಿ ಬೀರೂರು ದಾಟಿ ತರೀಕೆರೆ ಕಡೆ ಹೊರಟೆ. ಹತ್ತು ಕಿಲೋಮೀಟರ್ ಕೂಡ ಆಗಿರಲಿಲ್ಲ, ಎಂಜಿನ್ ಜಾಮ್ ಆಗಿ ಹಿಂದಿನ ಚಕ್ರ ಕಿರ್ರಂತ ಎಳೆದುಕೊಂಡು ಹೋಯಿತು. ಹಿಂದೆ ಲಾರಿ ಇತ್ತು. ಬದುಕಿದ್ದು ಪುಣ್ಯ. ಬಿಚ್ಚಿ ನೋಡಿದರೆ ಪಿಸ್ಟನ್ ಪಕ್ಕ ಉಜ್ಜಿ ಗೀರು ಬಿದ್ದಿತ್ತು. ಮೇಸ್ತ್ರಿ ಮೈಕ್ರೋಮೀಟರ್ ಕೊಟ್ಟು ಅಳೆಯಲು ಹೇಳಿದರು. ಡಬ್ಬಿಯ ಮೇಲಿನ ಅಳತೆಗಿಂತ ಪಿಸ್ಟನ್ ದಪ್ಪ ಇತ್ತು. ಬಿಸಿಗೆ ಹಿಗ್ಗಲು ಜಾಗವೇ ಇರಲಿಲ್ಲ. "ಡಬ್ಬಿ ಮೇಲ್ ಬರೆದಿದ್ದು ಅಳತೆಯಲ್ಲ ಮಗಾ. ಕೈಯಲ್ಲಿರೋ ಪಿಸ್ಟನ್ ಅಳೆದು, ಅದಕ್ ತಕ್ಕಂಗೆ ಬೋರ್ ಮಾಡಿಸ್ಬೇಕು" ಅಂದರು. ಮೈಕ್ರೋಮೀಟರ್ ಹಿಡಿಯುವುದನ್ನು ನಾನು ಮೊದಲ ವರ್ಷವೇ ಕಲಿತಿದ್ದೆ. ಲ್ಯಾಬಿನಲ್ಲಿ ಅಳೆದದ್ದು ಉತ್ತರ ಗೊತ್ತಿದ್ದ ಒಂದು ಕಬ್ಬಿಣದ ತುಂಡನ್ನು. ತಪ್ಪಾದರೆ ರಸ್ತೆಗೆ ಬೀಳುತ್ತೇನೆ ಎಂಬಂಥ ವಸ್ತುವನ್ನು ಅಳೆದದ್ದು ಅದೇ ಮೊದಲು.

ಎರಡನೇ ದಾರಿಗೆ ಬೀರೂರಿನ ರೈಲು ನೆರವಾಯಿತು. ಬೀರೂರಿನಲ್ಲಿ ಹಳಿ ಕವಲೊಡೆಯುತ್ತದೆ. ಒಂದು ತರೀಕೆರೆ, ಭದ್ರಾವತಿ, ಶಿವಮೊಗ್ಗದ ಕಡೆಗೆ. ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ. ಎರಡೂ ಕಡೆ ಅಲೆದೆ. ಅಜ್ಜಂಪುರದ ಆಚೆ ಒಂದು ಹಳ್ಳಿಯಲ್ಲಿ ಈರುಳ್ಳಿ ಬೆಳೆಯುವ ರೈತರೊಬ್ಬರ ಕೊಟ್ಟಿಗೆಯಲ್ಲಿ ಚಕ್ರವಿಲ್ಲದ ಯೆಜ್ಡಿ ಇತ್ತು. ಕೋಳಿಗಳು ಅದರ ಮೇಲೆ ಮಲಗುತ್ತಿದ್ದವು. ಕಾರ್ಬುರೇಟರ್ ಮತ್ತು ಬಲಗಡೆಯ ಎಂಜಿನ್ ಕವರ್ ಸಿಕ್ಕವು. ಅವರು ದುಡ್ಡು ತೆಗೆದುಕೊಳ್ಳಲಿಲ್ಲ. "ನಿಂದು ಸ್ಟಾರ್ಟ್ ಆದ್‌ಮ್ಯಾಲೆ ಒಂದ್ಸಲ ತಗೊಂಬಾ, ಸೌಂಡ್ ಕೇಳ್ಬೇಕು" ಅಂದರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೇರಿಂಗ್, ಸೀಲ್ ಸಿಕ್ಕವು. ಬೇರಿಂಗಿಗೆ ಬೈಕಿನ ಹೆಸರು ಹೇಳಿ ಕೇಳಬೇಕಿಲ್ಲ ಎಂಬುದೂ ಅಲ್ಲೇ ಗೊತ್ತಾದದ್ದು. ಅದರ ಮೇಲಿನ ನಂಬರ್ ಜಗತ್ತಿಗೆಲ್ಲ ಒಂದೇ. ಯೆಜ್ಡಿ ಬೇರಿಂಗ್ ಅಂತ ಕೇಳಿದರೆ ಒಂದು ಬೆಲೆ, ನಂಬರ್ ಹೇಳಿ ಕೇಳಿದರೆ ಇನ್ನೊಂದು ಬೆಲೆ.

ಮೂರನೇ ದಾರಿ ಭದ್ರಾವತಿ. ಗೇರ್ ಶಾಫ್ಟಿನ ಒಂದು ಬುಷ್ ಎಲ್ಲೂ ಸಿಗಲಿಲ್ಲ. ಭದ್ರಾವತಿಯ ಲೇತ್ ಅಂಗಡಿಯೊಂದರಲ್ಲಿ ಹಳೇ ಬುಷ್ ಕೊಟ್ಟೆ. ಅವರು ಅದನ್ನೂ ಶಾಫ್ಟನ್ನೂ ಅಳೆದು, ಸವೆತ ಎಷ್ಟಿರಬಹುದೆಂದು ಲೆಕ್ಕ ಹಾಕಿ, ಗನ್‌ಮೆಟಲ್ಲಿನಲ್ಲಿ ಹೊಸದು ತಿರುವಿ ಕೊಟ್ಟರು. ಅರ್ಧ ದಿನದ ಕೆಲಸ. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಯ ಊರು ಅದು. ಅದಕ್ಕೆ ಅದಿರು ಹೋಗುತ್ತಿದ್ದದ್ದು ನಮ್ಮ ಕೆಮ್ಮಣ್ಣುಗುಂಡಿಯಿಂದ. ಆ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಸುದ್ದಿಯಾದಾಗ ನಾವು ಅದನ್ನು ಕೆಲಸ ಕಳೆದುಕೊಳ್ಳುವವರ ಸುದ್ದಿಯಾಗಿ ಮಾತ್ರ ಓದಿದೆವು. ಒಂದು ದೊಡ್ಡ ಕಾರ್ಖಾನೆ ಇದ್ದ ಊರಿನಲ್ಲಿ ಅದರ ಸುತ್ತ ನೂರಾರು ಕೈಗಳು ಕೆಲಸ ಕಲಿತಿರುತ್ತವೆ. ಮೈಸೂರಿನಲ್ಲೂ ಹಾಗೆಯೇ. ಜಾವಾ ಕಾರ್ಖಾನೆ ಮುಚ್ಚಿದ ಮೇಲೂ ಅಲ್ಲಿನ ಗ್ಯಾರೇಜುಗಳಲ್ಲಿ ಆ ಬೈಕಿನ ವಿದ್ಯೆ ಉಳಿದದ್ದು ಅಂಥ ಕೈಗಳಿಂದ. ಕಾರ್ಖಾನೆ ಮುಚ್ಚಿದ ಎಷ್ಟೋ ವರ್ಷಗಳ ಮೇಲೆ, ಆ ಕೈಗಳಿಗೂ ವಯಸ್ಸಾದಾಗ, ನಿಜವಾದ ಮುಚ್ಚುವಿಕೆ ಆಗುತ್ತದೆ. ಅದು ಯಾವ ಪತ್ರಿಕೆಯಲ್ಲೂ ಸುದ್ದಿಯಾಗುವುದಿಲ್ಲ.

ಇದರಿಂದ ಕೆಲಸ ಸಿಗುತ್ತಾ?

ನೀವು ಕೇಳುವ ಪ್ರಶ್ನೆ ಇದು. ನನ್ನ ಅಪ್ಪನೂ ಕೇಳಿದ್ದು ಇದನ್ನೇ. ಲೆಕ್ಕ ಕೊಡುತ್ತೇನೆ. ಎಂಜಿನ್ ಕೆಲಸಕ್ಕೆ, ಎರಡನೇ ಸಲ ಬೋರ್ ಮಾಡಿಸಿದ್ದೂ ಸೇರಿ, 14,500 ರೂಪಾಯಿ. ವೈರಿಂಗ್, ಬ್ಯಾಟರಿ 4,200. ಟೈರು, ಟ್ಯೂಬು, ಚೈನು 6,800. ಬಣ್ಣ, ಕ್ರೋಮ್ 9,000. ಓಡಾಟ 2,500. ಒಟ್ಟು 37,000. ಈ ದುಡ್ಡು ಒಂದೇ ಸಲ ಹಾಕಿದ್ದಲ್ಲ. ಗುತ್ತಿಗೆ ಕೆಲಸದಲ್ಲಿ ಉಳಿಸಿದ್ದು ಸ್ವಲ್ಪ, ಮೇಸ್ತ್ರಿಯ ಬಳಿ ದುಡಿದು ತೀರಿಸಿದ್ದು ಉಳಿದದ್ದು. ಮಾರಿದರೆ ಲಾಭ ಬರುತ್ತಿತ್ತು. ಆದರೆ ಹನ್ನೊಂದು ತಿಂಗಳ ದುಡಿಮೆಗೆ ಹಂಚಿ ನೋಡಿದರೆ ಅದು ತೋಟದ ಕೂಲಿಗಿಂತ ಕಮ್ಮಿ. ಹಳೇ ಬೈಕು ರಿಪೇರಿ ಮಾಡಿ ಶ್ರೀಮಂತರಾಗಿ ಅಂತ ಹೇಳುವವನು ನಾನಲ್ಲ.

ನನಗೆ ಸಿಕ್ಕಿದ್ದು ಬೇರೆ. ಕಳೆದ ಮಳೆಗಾಲದಲ್ಲಿ ಮೇಸ್ತ್ರಿಯ ಗ್ಯಾರೇಜಿಗೆ ಒಬ್ಬರು ಅಡಿಕೆ ತೋಟದವರು ಕಳೆ ಕತ್ತರಿಸುವ ಮಷೀನ್ ತಂದರು. ಸ್ಟಾರ್ಟ್ ಆದರೆ ನಿಲ್ಲದೆ ಕಿರುಚುತ್ತದೆ, ಬಿಸಿಯಾಗುತ್ತದೆ. ಮಾರಿದ ಅಂಗಡಿಯವರು ಹೊಸ ಎಂಜಿನ್ನೇ ಹಾಕಬೇಕು ಅಂದಿದ್ದರಂತೆ. ಮೇಸ್ತ್ರಿ ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ. ನಾನು ಬಿಚ್ಚಿದೆ. ಕ್ರ್ಯಾಂಕಿನ ಒಂದು ಪಕ್ಕದ ಆಯಿಲ್ ಸೀಲ್ ಸೀಳಿತ್ತು. ಚಿಕ್ಕ ಸೀಲ್, ನೂರು ರೂಪಾಯಿಯೂ ಇಲ್ಲ. ಹಾಕಿದೆ, ಸರಿಹೋಯಿತು. ಯೆಜ್ಡಿಯ 250 ಸಿಸಿಯಲ್ಲಿ ಕಲಿತದ್ದು ಅಂಗೈಯಗಲದ ಎಂಜಿನ್ನಿನಲ್ಲಿ ಹಾಗೇ ಇತ್ತು.

ನಮ್ಮ ಮೂರೂ ತಾಲ್ಲೂಕುಗಳ ತೋಟಗಳಲ್ಲಿ ಈಗ ಎಷ್ಟು ಟೂ ಸ್ಟ್ರೋಕ್ ಎಂಜಿನ್ನುಗಳಿವೆ ನೋಡಿ. ಕಳೆ ಕತ್ತರಿಸುವ ಮಷೀನು, ಮರ ಕೊಯ್ಯುವ ಗರಗಸ, ಬೆನ್ನಿಗೆ ಕಟ್ಟಿಕೊಳ್ಳುವ ಸ್ಪ್ರೇಯರು. ರಸ್ತೆಯಿಂದ ಹೋದ ಎಂಜಿನ್ ತೋಟಕ್ಕೆ ಬಂದು ಕೂತಿದೆ. ರಿಪೇರಿ ಮಾಡುವವರು ಮಾತ್ರ ಬೆರಳೆಣಿಕೆಯಷ್ಟು. ಒಂದು ಮಷೀನು ಕೆಟ್ಟು ಮಳೆಗಾಲದಲ್ಲಿ ಎಂಟು ದಿನ ನಿಂತರೆ ರೈತನಿಗೆ ಕೂಲಿಯಾಳಿನ ಖರ್ಚು ಬೇರೆ. ಈಗ ನಾನು ವಾರಕ್ಕೆ ಮೂರು ದಿನ ಮೇಸ್ತ್ರಿಯ ಬಳಿ ಇರುತ್ತೇನೆ. ಮಳೆ ಶುರುವಾದರೆ ವಾರಕ್ಕೆ ನಾಲ್ಕೈದು ಮಷೀನು ಬರುತ್ತವೆ. ಸಂಬಳದಷ್ಟು ದುಡಿಯುತ್ತೇನೆ ಅಂತಲ್ಲ. ಆದರೆ ಅಪ್ಪನ ಹತ್ತಿರ ಅರ್ಜಿ ಶುಲ್ಕಕ್ಕೆ ಕೈಚಾಚುವುದು ನಿಂತಿದೆ. ಹೌದು, ಅರ್ಜಿ ಈಗಲೂ ಹಾಕುತ್ತೇನೆ. ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಫಲಿತಾಂಶದ ದಿನ ಮೊದಲಿನಷ್ಟು ಕೈ ನಡುಗುವುದಿಲ್ಲ.

ಎದುರು ಮಾತುಗಳು

ಹೊಗೆಯ ಮಾತು ಬರುತ್ತದೆ. ಅದು ನಿಜ. ಟೂ ಸ್ಟ್ರೋಕ್ ಎಂಜಿನ್ ಆಯಿಲನ್ನೂ ಪೆಟ್ರೋಲಿನ ಜೊತೆಯೇ ಸುಡುತ್ತದೆ, ಸ್ವಲ್ಪ ಪೆಟ್ರೋಲು ಸುಡದೆಯೇ ಹೊರಗೆ ಹೋಗುತ್ತದೆ. ಎಲ್ಲರೂ ಮತ್ತೆ ಯೆಜ್ಡಿ ಓಡಿಸಲಿ ಎಂದು ಯಾರೂ ಹೇಳಬಾರದು. ನಮ್ಮ ಮನೆಯಲ್ಲೂ ದಿನದ ಓಡಾಟಕ್ಕೆ ಬೇರೆ ಬೈಕಿದೆ. ಯೆಜ್ಡಿ ಹೊರಬರುವುದು ವಾರಕ್ಕೊಮ್ಮೆ.

ಇನ್ನು ಮುಂದೆ ಎಲ್ಲಾ ಎಲೆಕ್ಟ್ರಿಕ್, ಪಾಯಿಂಟು ಕಾರ್ಬುರೇಟರು ಕಲಿತು ಏನು ಪ್ರಯೋಜನ ಅನ್ನುವವರಿದ್ದಾರೆ. ಯೆಜ್ಡಿಯ ವೈರಿಂಗ್ ಸರಿಮಾಡಿದ್ದು ನಾನಲ್ಲ, ಬಿ.ಎಸ್ಸಿ. ಓದುತ್ತಿರುವ ನನ್ನ ತಂಗಿ. 6 ವೋಲ್ಟಿನ ಬ್ಯಾಟರಿ, ಹೆಡ್‌ಲೈಟು ಮಿಣುಕುತ್ತಿತ್ತು. ನಾನು ಬಲ್ಬು ಬದಲಿಸುತ್ತಾ ಕೂತಿದ್ದೆ. ಅವಳು ಮಲ್ಟಿಮೀಟರ್ ಹಿಡಿದು ಬ್ಯಾಟರಿಯಿಂದ ಬಲ್ಬಿನವರೆಗೆ ಒಂದೊಂದು ಜಾಗದಲ್ಲಿ ವೋಲ್ಟೇಜು ಎಷ್ಟು ಇಳಿಯುತ್ತದೆ ಅಂತ ಬರೆದುಕೊಂಡು, ಬಾಡಿಗೆ ಅರ್ಥ್ ಕೊಡುವ ಜಾಗದ ಬಣ್ಣ ಕೆರೆದಳು. ಬೆಳಕು ಬಂತು. ಎಲೆಕ್ಟ್ರಿಕ್ ಸ್ಕೂಟರಿನಲ್ಲೂ ಕನೆಕ್ಟರುಗಳಿವೆ, ಅರ್ಥ್ ಇದೆ, ಬೇರಿಂಗ್ ಇದೆ, ಸವೆತ ಇದೆ. ಬದಲಾಗುವುದು ಯಂತ್ರ. ದೋಷ ಹುಡುಕುವ ಕ್ರಮ ಬದಲಾಗುವುದಿಲ್ಲ. ಗ್ಯಾರೇಜು ಗಂಡಸರ ಜಾಗ ಅಂದುಕೊಂಡವರಿಗೂ ಇದೇ ಉತ್ತರ.

ಮೂರನೆಯದು ನಮ್ಮದೇ ವಯಸ್ಸಿನವರ ರೋಗ. ರೀಲ್ಸ್‌ಗಾಗಿ ರಿಸ್ಟೋರೇಷನ್. ಬಣ್ಣ ಬಳಿದು, ಸೈಲೆನ್ಸರಿನೊಳಗಿನ ಜಾಲರಿ ತೆಗೆದು ಊರೆಲ್ಲ ಕೇಳುವಂತೆ ಮಾಡಿ, ಒಳಗಿನ ಸವೆದ ಬೇರಿಂಗ್ ಹಾಗೇ ಬಿಡುವುದು. ಹಳ್ಳಿಯ ರೈತರಿಂದ ಐದಾರು ಸಾವಿರಕ್ಕೆ ಎತ್ತಿ, ಹೊಳಪು ಕೊಟ್ಟು ಲಕ್ಷಕ್ಕೆ ಮಾರುವ ವ್ಯಾಪಾರ ಬೆಳೆದಿರುವುದು ಇದರ ಮೇಲೆಯೇ. ನಾನೂ ಅದೇ ಆಸೆಯಿಂದ ಶುರುಮಾಡಿದವನು, ಹಾಗಾಗಿ ಈ ಮಾತು ಮೊದಲು ನನಗೇ.

ಕೇಳಬೇಕಾದ ಮೂರು ಮಾತು

ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಒಂದು ದನದ ತಳಿ ಅಳಿಯಬಾರದು ಎಂದು ಸರ್ಕಾರ ಹುಲ್ಲುಗಾವಲು ಬಿಟ್ಟು, ಜನರನ್ನು ಇಟ್ಟು ನೋಡಿಕೊಳ್ಳುತ್ತದೆ. ಸರಿಯಾದ ಕೆಲಸ. ಕೈಕೆಲಸದ ತಳಿಯೂ ಹಾಗೇ ಅಳಿಯುತ್ತದೆ ಎಂಬುದು ನಮಗೆ ಹೊಳೆಯುವುದಿಲ್ಲ. ನಮ್ಮ ಮೇಸ್ತ್ರಿಯ ಇಬ್ಬರು ಮಕ್ಕಳೂ ಬೇರೆ ಕೆಲಸದಲ್ಲಿದ್ದಾರೆ. ಅವರಿಗೆ ಒಂದು ಕಣ್ಣಿಗೆ ಪೊರೆ ಬಂದಿದೆ. ಪಾಯಿಂಟಿನ ಸಂದನ್ನು ಈಗ ನಾನೇ ನೋಡಿ ಹೇಳಬೇಕು. ಅವರ ಬಳಿ ನೋಟ್ ಪುಸ್ತಕವಿಲ್ಲ. ಐವತ್ತು ವರ್ಷದ್ದೆಲ್ಲ ಬೆರಳಲ್ಲಿದೆ.

ಹಾಗಾಗಿ ಮೊದಲ ಮಾತು ಐಟಿಐ, ಪಾಲಿಟೆಕ್ನಿಕ್‌ಗಳಿಗೆ. ಇಂಟರ್ನ್‌ಶಿಪ್ ಅಂದರೆ ದೊಡ್ಡ ಕಂಪನಿಯ ಗೇಟ್ ಪಾಸೇ ಆಗಬೇಕಿಲ್ಲ. ತರೀಕೆರೆಯ ಗ್ಯಾರೇಜಿನಲ್ಲಿ, ಭದ್ರಾವತಿಯ ಲೇತ್ ಅಂಗಡಿಯಲ್ಲಿ ಎರಡು ತಿಂಗಳು ದುಡಿದದ್ದಕ್ಕೂ ಅಂಕ ಕೊಡಿ. ಆ ಮೇಸ್ತ್ರಿಗೆ ಕಲಿಸಿದ ಗೌರವಧನ ಕೊಡಿ. ಅವರ ಬಳಿ ಪದವಿ ಇಲ್ಲದಿರಬಹುದು. ಆದರೆ ನಾನು ಎರಡು ದಿನ ಬಿಗಿ ಮಾಡಿದ ನಟ್ಟನ್ನು ಬಿಚ್ಚಿದವರು ಅವರೇ.

ಎರಡನೆಯದು ತಯಾರಕರಿಗೆ, ಸರ್ಕಾರಕ್ಕೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಆ ವರ್ಷದ ಕೊನೆಯಲ್ಲಿ ಒಂದು ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ವಾಹನ, ಮೊಬೈಲು ಎಲ್ಲವೂ ಆ ಮಾತಿನಲ್ಲಿವೆ. ಅದು ಪೋರ್ಟಲ್ಲಿಗೇ ನಿಲ್ಲಬಾರದು. ಒಂದು ಮಾದರಿ ನಿಲ್ಲಿಸಿದ ಮೇಲೆ ಅದರ ಬಿಡಿಭಾಗಗಳ ಅಳತೆ, ಡ್ರಾಯಿಂಗ್, ಸರ್ವಿಸ್ ಮ್ಯಾನ್ಯುಯಲ್ ಸಾರ್ವಜನಿಕರಿಗೆ ಸಿಗಬೇಕು. ಡ್ರಾಯಿಂಗ್ ಒಂದು ಇದ್ದಿದ್ದರೆ ನನ್ನ ಬುಷ್‌ಗಾಗಿ ನಾಲ್ಕು ತಿಂಗಳು ಅಲೆಯಬೇಕಿರಲಿಲ್ಲ. ಇವತ್ತು ಕೊಳ್ಳುವ ಕಳೆ ಮಷೀನು ಹತ್ತು ವರ್ಷದ ಮೇಲೆ ಇದೇ ಗತಿಗೆ ಬರುತ್ತದೆ.

ಕಾನೂನಿನ ಬಗ್ಗೆಯೂ ಸ್ವಲ್ಪ ತಿಳಿದಿರಿ. 2021ರ ಕೇಂದ್ರದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲರೂಪದಲ್ಲೇ ಇರುವ ವಾಹನ ಮಾತ್ರ 'ವಿಂಟೇಜ್'. ಅದರ ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಆದರೆ ಅಂಥ ವಾಹನವನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿಗೆ ಮಾತ್ರ ರಸ್ತೆಗಿಳಿಸಬಹುದು. ನಮ್ಮದು 2028ರವರೆಗೆ ಬರೀ 'ಹಳೇ ಬೈಕು'. ಅದಕ್ಕೆ ಆರ್.ಸಿ. ನವೀಕರಣ ಸಾಕು. ಬೈಕು ತೀರಿಕೊಂಡವರ ಹೆಸರಿನಲ್ಲಿದ್ದರೆ ಮೊದಲು ವಾರಸುದಾರರ ಹೆಸರಿಗೆ ಮಾಡಿಸಬೇಕು, ಅದಕ್ಕೆ ಫಾರಂ 31. ಸ್ಪ್ಯಾನರ್ ಹಿಡಿಯುವ ಮೊದಲೇ ಆರ್.ಸಿ.ಯಲ್ಲಿರುವ ಎಂಜಿನ್ ನಂಬರ್, ಚಾಸಿಸ್ ನಂಬರ್ ಬೈಕಿನ ಮೇಲಿನದಕ್ಕೆ ಹೊಂದುತ್ತದೆಯೇ ನೋಡಿಕೊಳ್ಳಿ. ನಂಬರ್ ಹೊಂದದ ಬೈಕಿಗೆ ಎಷ್ಟು ದುಡ್ಡು ಸುರಿದರೂ ಅದು ರಸ್ತೆಗೆ ಬರುವುದಿಲ್ಲ.

ಮೂರನೇ ಮಾತು ನಮಗೇ. ಉಗುರಿನಲ್ಲಿ ಗ್ರೀಸ್ ಇದ್ದರೆ ಓದಿಲ್ಲದವನು ಎಂಬ ಲೆಕ್ಕ ನಮ್ಮ ತಲೆಯಲ್ಲಿದೆ. ನನ್ನ ಸಹಪಾಠಿಯೊಬ್ಬ ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಆ ಅವತಾರದಲ್ಲಿ ನೋಡಿ ನೋಡದವನಂತೆ ಹೋದ. ಬೇಜಾರಾಯಿತು. ಹೋದ ತಿಂಗಳು ಅವನೇ ಫೋನ್ ಮಾಡಿ, ಅವರ ತೋಟದ ಸ್ಪ್ರೇಯರು ಸ್ಟಾರ್ಟ್ ಆಗುತ್ತಿಲ್ಲ ಅಂದ. ಹೋಗಿ ಸರಿಮಾಡಿ ಕೊಟ್ಟೆ. ಪೂರಾ ದುಡ್ಡು ತೆಗೆದುಕೊಂಡೆ.

ಬೈಕು ಮುಗಿದ ಮೇಲೆ 95,000ಕ್ಕೆ ಕೇಳಿಕೊಂಡು ಒಬ್ಬರು ಬಂದಿದ್ದರು. ತಂಗಿಯ ಫೀಸು ಕಟ್ಟುವ ಕಾಲ. ನಾನು ಮಾರೋಣ ಅಂದೆ, ನಿಜವಾಗಿಯೂ ಅಂದೆ. ಅಪ್ಪ ಸುಮ್ಮನೆ ಕೀ ತೆಗೆದುಕೊಂಡು ಹೋಗಿ ಬೀರೂರು ಸಂತೆಗೆ ಒಂದು ಸುತ್ತು ಹಾಕಿ ಬಂದರು. ಇಳಿದವರು, "ಫೀಸ್ ನೀನ್ ಕಟ್ತೀಯ. ಕೈಯಲ್ ಕೆಲ್ಸ ಐತಲ್ಲ. ಇದು ಇರ್ಲಿ" ಅಂದರು. ಮೊದಲ ಕಂತನ್ನು ನಾನೇ ಕಟ್ಟಿದೆ. ಎರಡನೆಯದಕ್ಕೆ ಮಳೆ ಬರಬೇಕು, ಮಷೀನುಗಳು ಕೆಡಬೇಕು.

ಅಜ್ಜಂಪುರದ ಆ ರೈತರಿಗೆ ಕೊಟ್ಟ ಮಾತು ಬಾಕಿ ಇತ್ತು. ಹೋದ ಭಾನುವಾರ ಮೇಸ್ತ್ರಿಯನ್ನು ಹಿಂದೆ ಕೂರಿಸಿಕೊಂಡು ಹೋದೆ. ಕೊಟ್ಟಿಗೆಯ ಮುಂದೆ ಸ್ಟಾರ್ಟ್ ಮಾಡಿ ನಿಲ್ಲಿಸಿದೆ. ಕೋಳಿಗಳು ಓಡಿದವು. ಆ ರೈತರು ಬಹಳ ಹೊತ್ತು ಕೇಳಿ, ತಮ್ಮ ಮುರುಕು ಯೆಜ್ಡಿ ತೋರಿಸಿ, "ಇದೂ ಆಗುತ್ತಾ?" ಅಂದರು. ನಾನು ಮೇಸ್ತ್ರಿಯ ಮುಖ ನೋಡಿದೆ. ಅವರು, "ನನ್ನೇನ್ ಕೇಳ್ತೀಯ, ನೀನ್ ಹೇಳು" ಅಂದರು.

ನಿಮ್ಮೂರಲ್ಲೂ ಇಂಥ ಒಬ್ಬರು ಮೇಸ್ತ್ರಿ ಇರುತ್ತಾರೆ. ಈ ಭಾನುವಾರ ಹೋಗಿ ಅವರ ಪಕ್ಕ ಒಂದು ಗಂಟೆ ಕೂತು ಬನ್ನಿ.